ಪುಟ್ಟ ಮಕ್ಕಳೊಡನೆ ಕಡಲಿಗೆ, ನೀರಾಟಕ್ಕೆ ಹೊರಡುವ ಮುನ್ನ

ಪರೀಕ್ಷೆ ಮುಗಿದು ರಜೆ ಬಂತೆಂದರೆ ಮಕ್ಕಳದು ಒಂದೇ ರಾಗ: "ಅಪ್ಪಾ, ಸಮುದ್ರ ನೋಡಲು ಹೋಗೋಣ." "ಅವ್ವಾ, ನೀರಾಟದ ಪಾರ್ಕಿಗೆ ಕರಕೊಂಡು ಹೋಗು." ಮಕ್ಕಳ ಆಸೆ ತಪ್ಪಲ್ಲ. ವರ್ಷವಿಡೀ ಬಿಸಿಲಲ್ಲಿ ಬೇಯುವ ನಮ್ಮ ಕಡೆಯ ಕುಟುಂಬಕ್ಕೆ ಎರಡು ದಿನದ ನೀರಾಟ ಮನಸ್ಸಿಗೂ ಮೈಗೂ ಹಿತವೇ. ಆದರೆ ಖುಷಿಯಿಂದ ಹೊರಟ ಎಷ್ಟೋ ಕುಟುಂಬಗಳು ವಾಂತಿ, ಭೇದಿ, ಜ್ವರದ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಮರಳುತ್ತವೆ. ಕೆಲವು ಮನೆಗಳಿಗೆ ಮರಳಿ ಬಾರದ ನಷ್ಟವೂ ಆಗುತ್ತದೆ. ಇವುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು. ಅದಕ್ಕೆ ಬೇಕಾದದ್ದು ಹೆಚ್ಚು ಹಣವಲ್ಲ, ಸ್ವಲ್ಪ ಮುಂದಾಲೋಚನೆ.

ಯಾರಿಗೆ ತಕ್ಕ ಪ್ರವಾಸ?

ಮರಿಯಮ್ಮನಹಳ್ಳಿಯ ಒಂದು ಮನೆ ಎಂದಿಟ್ಟುಕೊಳ್ಳಿ. ಅಪ್ಪ, ಅವ್ವ, ಅಜ್ಜಿ, ಏಳು ವರ್ಷದ ಮಗಳು, ಮೂರು ವರ್ಷದ ಮಗ, ಎಂಟು ತಿಂಗಳ ಕೂಸು. ಇವರ ಪ್ರವಾಸವನ್ನು ಯಾರ ಶಕ್ತಿಗೆ ತಕ್ಕಂತೆ ಗೊತ್ತು ಮಾಡಬೇಕು? ಸಾಮಾನ್ಯವಾಗಿ ನಾವು ದೊಡ್ಡವರ ರಜೆ, ಬಾಡಿಗೆ ಗಾಡಿಯ ಲೆಕ್ಕ ನೋಡಿ ಎಲ್ಲವನ್ನೂ ಗೊತ್ತು ಮಾಡುತ್ತೇವೆ. "ಇಷ್ಟು ದೂರ ಹೋಗಿದ್ದೇವೆ, ಇನ್ನೊಂದು ಊರನ್ನೂ ನೋಡಿಬಿಡೋಣ" ಎನ್ನುತ್ತೇವೆ. ಇದು ತಪ್ಪು. ಮನೆಯ ಅತಿ ಚಿಕ್ಕ ಮಗು ಎಷ್ಟು ತಡೆದೀತೋ ಅಷ್ಟೇ ಪ್ರವಾಸ ಇಡೀ ಮನೆಗೆ ಸಾಕು. ಈ ಒಂದು ಮಾತನ್ನು ನೆನಪಿಟ್ಟರೆ ಉಳಿದ ತೀರ್ಮಾನಗಳು ತಾವಾಗಿಯೇ ಸರಿಹೋಗುತ್ತವೆ.

ಎಲ್ಲಿಗೆ, ಯಾವಾಗ?

ಗೋಕರ್ಣ, ಮುರ್ಡೇಶ್ವರದ ಕಡೆ ಹೋಗುವುದಾದರೆ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿ. ಒಂದು ಬದಿಗೇ 300 ಕಿ.ಮೀ.ಗೂ ಹೆಚ್ಚು. ನೀರಾಟದ ಪಾರ್ಕು ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು 2005ರಲ್ಲಿ ಬಿಡದಿಯ ಬಳಿ ಆರಂಭವಾದ ವಂಡರ್‌ಲಾ. ಚಿತ್ರದುರ್ಗ, ತುಮಕೂರು, ಬೆಂಗಳೂರು ದಾಟಿ ಅಲ್ಲಿಗೆ ತಲುಪಲೂ ಅಷ್ಟೇ ದೂರ. ಅಲ್ಲಿಂದ ಗೋಕರ್ಣಕ್ಕೆ ಮತ್ತೆ 400 ಕಿ.ಮೀ.ಗೂ ಹೆಚ್ಚು. ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸಿದರೆ ಮಕ್ಕಳು ನೀರಿಗಿಂತ ಗಾಡಿಯಲ್ಲೇ ಹೆಚ್ಚು ಹೊತ್ತು ಕಳೆಯುತ್ತಾರೆ. ಈ ಸಲ ಒಂದು, ಮುಂದಿನ ರಜೆಗೆ ಇನ್ನೊಂದು ಎಂದು ಇಟ್ಟುಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲು ಒರಟು. ಆಗ ಮಕ್ಕಳನ್ನು ನೀರಿಗಿಳಿಸುವ ಮಾತೇ ಬೇಡ. ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಚಿಕ್ಕ ಮಕ್ಕಳಿಗೆ ಒಳ್ಳೆಯದು. ಬೇಸಿಗೆ ರಜೆಯಲ್ಲೇ ಹೋಗಬೇಕಾದರೆ ಬೆಳಿಗ್ಗೆ ಮತ್ತು ಸಂಜೆ ಮಾತ್ರ ಹೊರಗೆ, ಮಧ್ಯಾಹ್ನ ಕೋಣೆಯಲ್ಲಿ ನಿದ್ದೆ ಎಂಬ ಕ್ರಮ ಇರಲಿ.

ದೂರದ ಪ್ರವಾಸಕ್ಕೆ ಮೊದಲು ಹತ್ತಿರದ ಒಂದು ತಾಲೀಮು ಮಾಡಿ. ತುಂಗಭದ್ರಾ ಅಣೆಕಟ್ಟೆಯ ಉದ್ಯಾನಕ್ಕೋ, ಕಮಲಾಪುರದ ಬಳಿಯ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯಕ್ಕೋ ಅರ್ಧ ದಿನ ಹೋಗಿಬನ್ನಿ. ಮಗು ಎಷ್ಟು ಹೊತ್ತಿಗೆ ಹಸಿಯುತ್ತದೆ, ಯಾವಾಗ ರಚ್ಚೆ ಹಿಡಿಯುತ್ತದೆ, ಗಾಡಿಯಲ್ಲಿ ವಾಂತಿ ಮಾಡುತ್ತದೆಯೇ ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ.

ದಾರಿಯಲ್ಲಿ

ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟದ ತಿರುವುಗಳು ಬರುತ್ತವೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇಂಥ ದಾರಿಯಲ್ಲಿ ಹೊಟ್ಟೆ ತೊಳಸುವುದು ಹೆಚ್ಚು. ಹೊರಡುವ ಮೊದಲು ಇಡ್ಲಿಯಂಥ ಹಗುರ ತಿಂಡಿ ಕೊಡಿ. ಎಣ್ಣೆಯಲ್ಲಿ ಕರಿದ ಮಿರ್ಚಿ, ಪೂರಿ ಬೇಡ. ಖಾಲಿ ಹೊಟ್ಟೆಯೂ ಬೇಡ. ಮೊಬೈಲು, ಪುಸ್ತಕ ಕೊಡಬೇಡಿ, ಮುಂದಿನ ದಾರಿ ನೋಡಲು ಹೇಳಿ. ಕಿಟಕಿ ಸ್ವಲ್ಪ ತೆರೆದಿರಲಿ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ. ವಾಂತಿ ತಡೆಯುವ ಮಾತ್ರೆಗಳಲ್ಲಿ ಕೆಲವನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಆದ್ದರಿಂದ ವೈದ್ಯರನ್ನು ಕೇಳದೆ ಕೊಡಬೇಡಿ. ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುವ ಅಭ್ಯಾಸವನ್ನೂ ಬಿಡಿ.

ಕಡಲ ಸೆಕೆಯೇ ಬೇರೆ

ನಮ್ಮ ಊರಿನ ಬಿಸಿಲಿಗೆ ಒಗ್ಗಿದ ಮಕ್ಕಳಿಗೆ ಕರಾವಳಿಯ ಬಿಸಿಲು ಏನೂ ಮಾಡದು ಎಂದು ಹಲವರು ತಿಳಿಯುತ್ತಾರೆ. ಬಯಲುಸೀಮೆಯದು ಒಣ ಸೆಕೆ. ಬೆವರು ಬಂದಂತೆ ಆರುತ್ತದೆ, ಮೈ ತಂಪಾಗುತ್ತದೆ. ಕಡಲ ದಂಡೆಯ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಇಳಿಯುತ್ತದೆಯೇ ಹೊರತು ಆರುವುದಿಲ್ಲ. ಆದ್ದರಿಂದ ಅಲ್ಲಿನ ಉಷ್ಣಾಂಶ ನಮ್ಮೂರಿಗಿಂತ ಕಡಿಮೆ ಇದ್ದರೂ ಮೈ ಬೇಗ ಕಾಯುತ್ತದೆ. ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಹೊರಗಿನ ಬಿಸಿ ಬೇಗ ಒಳಗಿಳಿಯುತ್ತದೆ. ಆಟದ ಗುಂಗಿನಲ್ಲಿ ಅವರು ನೀರು ಕೇಳುವುದೂ ಇಲ್ಲ.

ಕೇಳುವವರೆಗೆ ಕಾಯಬೇಡಿ. ಅರ್ಧ ಗಂಟೆಗೊಮ್ಮೆ ಕೆಲವು ಗುಟುಕು ಕುಡಿಸಿ. ಕುದಿಸಿ ಆರಿಸಿದ ನೀರು, ಎಳನೀರು, ಮನೆಯಲ್ಲಿ ಮಾಡಿದ ನಿಂಬೆ ಪಾನಕ ಒಳ್ಳೆಯವು. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲೇ ಸಾಕು, ಹೆಚ್ಚು ಸಲ ಕುಡಿಸಿ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಮಕ್ಕಳು ನೆರಳಿನಲ್ಲಿರಲಿ. ತೆಳು ಹತ್ತಿಯ ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೋಪಿ ಹಾಕಿ. ಬಿಸಿಲು ತಡೆಯುವ ಕ್ರೀಮನ್ನು ಆರು ತಿಂಗಳು ದಾಟಿದ ಮಕ್ಕಳಿಗೆ ಹಚ್ಚಬಹುದು. ಎರಡು ಗಂಟೆಗೊಮ್ಮೆ, ನೀರಿನಿಂದ ಬಂದ ಮೇಲೆ ಮತ್ತೊಮ್ಮೆ ಹಚ್ಚಬೇಕು. ನಿಲ್ಲಿಸಿದ ಕಾರಿನಲ್ಲಿ ಒಂದು ನಿಮಿಷವೂ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಬಾಯಿ ಒಣಗುವುದು, ಮೂತ್ರ ಗಾಢ ಹಳದಿಯಾಗುವುದು, ಆರು ಗಂಟೆಯಾದರೂ ಮೂತ್ರ ಮಾಡದಿರುವುದು, ಕಣ್ಣು ಗುಳಿ ಬೀಳುವುದು ಮೈಯ ನೀರು ಬತ್ತಿದ ಗುರುತುಗಳು. ಮೈ ಕಾದ ಹೆಂಚಿನಂತಾಗಿ ಮಗು ತೊದಲಿದರೆ, ಗೊತ್ತುಗುರಿಯಿಲ್ಲದೆ ವರ್ತಿಸಿದರೆ, ಸೆಟೆದುಕೊಂಡರೆ ಅದು ಬಿಸಿಲಾಘಾತ. ಕೂಡಲೇ ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಹಿನ್ನೀರಲ್ಲ, ಇದು ಸಮುದ್ರ

ಮರಿಯಮ್ಮನಹಳ್ಳಿಯವರಿಗೆ ನೀರು ಹೊಸದಲ್ಲ. ತುಂಗಭದ್ರೆಯ ಹಿನ್ನೀರು ಪಕ್ಕದಲ್ಲೇ ಇದೆ. "ನಮ್ಮ ಹುಡುಗನಿಗೆ ಈಜು ಬರುತ್ತದೆ" ಎಂಬ ಧೈರ್ಯ ಅಲ್ಲಿಂದಲೇ ಬಂದದ್ದು. ಆದರೆ ನಿಂತ ನೀರಿನ ಈಜು ಅಲೆಯ ನೀರಿಗೆ ಸಾಲದು. ಅಲೆ ಮರಳುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಮೊಣಕಾಲುದ್ದದ ನೀರಿನಲ್ಲೂ ಮೂರು ವರ್ಷದ ಮಗು ಬೀಳುತ್ತದೆ. ದೊಡ್ಡವರನ್ನೂ ಒಳಕ್ಕೆ ಸೆಳೆಯುವ ಹರಿವುಗಳು ಕೆಲವೆಡೆ ಇರುತ್ತವೆ. ಮೇಲಿನಿಂದ ನೋಡಿದರೆ ಅಂಥ ಜಾಗದಲ್ಲಿ ಅಲೆ ಕಡಿಮೆ ಇದ್ದು, ಶಾಂತವಾಗಿಯೇ ಕಾಣಬಹುದು.

2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಅದು ಮಳೆಗಾಲವಲ್ಲ. ಅವರು ಕೂಸುಗಳೂ ಅಲ್ಲ. ನಮ್ಮಂತೆಯೇ ಒಳನಾಡಿನಿಂದ ಕಡಲು ನೋಡಲು ಬಂದ ಮಕ್ಕಳು. ಈ ಸಂಗತಿಯನ್ನು ಹೆದರಿಸಲೆಂದು ಹೇಳುತ್ತಿಲ್ಲ. ಒಳ್ಳೆಯ ಕಾಲದಲ್ಲೂ ಕಡಲಿಗೆ ಮರ್ಯಾದೆ ಕೊಡಬೇಕು ಎಂಬುದಕ್ಕಾಗಿ.

ಈ ನಿಯಮಗಳನ್ನು ಪಾಲಿಸಿ:

• ಜೀವರಕ್ಷಕ ಸಿಬ್ಬಂದಿ ಇರುವ ಕಡೆ ಮಾತ್ರ ನೀರಿಗಿಳಿಯಿರಿ. ಕೆಂಪು ಬಾವುಟ ಇದ್ದರೆ ಇಳಿಯಬೇಡಿ.
• ಒಂದು ಮಗುವಿಗೆ ಒಬ್ಬ ದೊಡ್ಡವರು. "ಎಲ್ಲರೂ ನೋಡುತ್ತಿದ್ದಾರೆ" ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ.
• ಮಗು ಕೈಗೆಟಕುವಷ್ಟು ಹತ್ತಿರವಿರಲಿ. ಆ ಹೊತ್ತಿನಲ್ಲಿ ಫೋಟೊ ಬೇಡ, ಫೋನು ಬೇಡ.
• ಮುಳುಗುವ ಮಗು ಕೂಗುವುದಿಲ್ಲ. ಸದ್ದಿಲ್ಲದೆ, ಒಂದೆರಡು ನಿಮಿಷದೊಳಗೇ ಅನಾಹುತ ನಡೆದುಬಿಡುತ್ತದೆ.
• ಗಾಳಿ ತುಂಬಿದ ಟ್ಯೂಬು ಆಟಿಕೆಯೇ ಹೊರತು ರಕ್ಷಣೆಯಲ್ಲ.
• ಮದ್ಯ ಕುಡಿದವರ ಕೈಗೆ ಮಕ್ಕಳನ್ನು ಒಪ್ಪಿಸಬೇಡಿ.
• ಹರಿವು ಸೆಳೆದರೆ ದಡಕ್ಕೆ ನೇರವಾಗಿ ಹೋರಾಡದೆ, ದಡದ ಉದ್ದಕ್ಕೆ ಅಡ್ಡವಾಗಿ ಈಜಿ ಹೊರಬನ್ನಿ. ಆಗದಿದ್ದರೆ ತೇಲುತ್ತಾ ಕೈ ಎತ್ತಿ ಸಹಾಯ ಕೇಳಿ.

ಕಡಲ ಲೋಳೆಮೀನು ತಾಗಿ ಉರಿಯಾದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಕಡಲ ನೀರಿನಿಂದಲೇ ತೊಳೆಯಿರಿ. ಉಸಿರಾಟಕ್ಕೆ ತೊಂದರೆಯಾದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ.

ನೀರಾಟದ ಪಾರ್ಕಿನಲ್ಲಿ

ಇಂಥ ಪಾರ್ಕುಗಳಲ್ಲಿ ಆಟಗಳಿಗೆ ಮಗುವಿನ ಎತ್ತರವೇ ಅಳತೆ. ಮನೆಯಲ್ಲೇ ಎತ್ತರ ಅಳೆದು, ಯಾವ ಆಟ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಮಗುವಿಗೆ ಮೊದಲೇ ತಿಳಿಸಿ. ಅಲ್ಲಿ ಹೋಗಿ ಅಳುವುದು ತಪ್ಪುತ್ತದೆ. ಬೆರಳು ಎತ್ತರ ಕಡಿಮೆ ಇದ್ದರೂ ಸಿಬ್ಬಂದಿಯನ್ನು ಒತ್ತಾಯಿಸಬೇಡಿ. ಎತ್ತರದ ನಿಯಮ ಇರುವುದು ಮಗು ಪಟ್ಟಿಯಿಂದ ಜಾರದಿರಲೆಂದು. ಫಿಟ್ಸ್ ಇರುವ, ಹೃದಯದ ತೊಂದರೆ ಇರುವ, ಕಿವಿ ಸೋರುವ ಮಕ್ಕಳನ್ನು ಕರೆದೊಯ್ಯುವ ಮೊದಲು ವೈದ್ಯರನ್ನು ಕೇಳಿ.

ಭೇದಿ ಆಗುತ್ತಿರುವ ಮಗುವನ್ನು ಕೊಳಕ್ಕೆ ಇಳಿಸಬೇಡಿ. ಕ್ಲೋರಿನ್ ಹಾಕಿದ ನೀರಿನಲ್ಲೂ ಕೆಲವು ರೋಗಾಣುಗಳು ಬದುಕಿ ಇತರ ಮಕ್ಕಳಿಗೆ ಹರಡುತ್ತವೆ. ಕೊಳದ ನೀರನ್ನು ಕುಡಿಯಬಾರದು ಎಂದು ಮಕ್ಕಳಿಗೆ ಕಲಿಸಿ.

ಜನಜಂಗುಳಿಯಲ್ಲಿ ಮಗು ತಪ್ಪಿಸಿಕೊಂಡರೆ? ಬೆಳಿಗ್ಗೆ ಹೊರಡುವಾಗಲೇ, ಹಾಕಿದ ಬಟ್ಟೆಯಲ್ಲಿ ಮಗುವಿನ ಒಂದು ಫೋಟೊ ತೆಗೆದಿಡಿ. ನಿಮ್ಮ ಫೋನ್ ಸಂಖ್ಯೆ ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿನಲ್ಲಿಡಿ. ಮಗು ಕಾಣೆಯಾದರೆ ಮೊದಲು ನೀರಿನ ಕಡೆ ಹುಡುಕಿ, ಆಮೇಲೆ ಉಳಿದೆಡೆ. ಸಿಬ್ಬಂದಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112.

ಊಟ, ಭೇದಿ, ಔಷಧಿ

ದಾರಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ, ಬಾಳೆಹಣ್ಣು ಕಟ್ಟಿಕೊಳ್ಳಿ. ಬೇಗ ಕೆಡುವುದಿಲ್ಲ. ಬಿಸಿ ಗಾಡಿಯಲ್ಲಿ ಹೊತ್ತುಗಟ್ಟಲೆ ಇಟ್ಟ ಅನ್ನ, ಹಾಲು ಮಕ್ಕಳಿಗೆ ಬೇಡ. ಹೋಟೆಲಿನಲ್ಲಿ ಬಿಸಿಬಿಸಿ ಇರುವುದನ್ನೇ ಕೊಡಿಸಿ. ಹೆಚ್ಚಿಟ್ಟ ಹಣ್ಣು, ಬರ್ಫದ ಪಾನೀಯ ದೂರವಿಡಿ. ಉಣ್ಣುವ ಮೊದಲು ಕೈಗೆ ಸೋಪು ಹಾಕಿಸಿ.

ಭೇದಿ ಶುರುವಾದರೆ ಮೊದಲ ಔಷಧಿ ಓ.ಆರ್.ಎಸ್. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಪೊಟ್ಟಣದ ಮೇಲೆ ಬರೆದಿರುವುದನ್ನೇ ಕೊಳ್ಳಿ. ಸಿಹಿ ಪಾನೀಯದ ಡಬ್ಬಿಗಳು ಅದಕ್ಕೆ ಬದಲಿಯಲ್ಲ. ದೊಡ್ಡ ಪೊಟ್ಟಣವೊಂದನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕರಗಿಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮ ಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ., ಗುಟುಕು ಗುಟುಕಾಗಿ ಕೊಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ಭೇದಿ ನಿಲ್ಲಿಸುವ ಮಾತ್ರೆಗಳನ್ನು ಮಕ್ಕಳಿಗೆ ಕೊಡಬೇಡಿ. ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಗು ಮಂಕಾದರೆ ಆಸ್ಪತ್ರೆಗೆ ನಡೆಯಿರಿ.

ಚೀಲದಲ್ಲಿ ಇರಬೇಕಾದವು: ಓ.ಆರ್.ಎಸ್., ಪ್ಯಾರಾಸಿಟಮಾಲ್ ಸಿರಪ್, ಜ್ವರಮಾಪಕ, ಹತ್ತಿ, ಬ್ಯಾಂಡೇಜು, ಮಗು ದಿನವೂ ತೆಗೆದುಕೊಳ್ಳುವ ಔಷಧಿ. ಪ್ಯಾರಾಸಿಟಮಾಲ್ ಪ್ರಮಾಣ ತೂಕದ ಮೇಲೆ ಹೋಗುತ್ತದೆ. ಮೂವರು ಮಕ್ಕಳ ತೂಕ, ಅವರಿಗೆ ಎಷ್ಟು ಕೊಡಬೇಕು ಎಂಬುದನ್ನು ನಿಮ್ಮ ವೈದ್ಯರಿಂದ ಬರೆಸಿಕೊಂಡು ಹೋಗಿ. ಅಜ್ಜಿಯ ಬಿ.ಪಿ., ಸಕ್ಕರೆ ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ನೀರಿನಿಂದ ಎತ್ತಿದ ಮಗುವಿಗೆ

ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ತಪ್ಪು. ಅದರಿಂದ ಅಮೂಲ್ಯ ಸಮಯ ಹಾಳಾಗುತ್ತದೆ. ಒಬ್ಬರು 108ಕ್ಕೆ ಕರೆ ಮಾಡಲಿ. ಮಗು ಉಸಿರಾಡದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ತಲೆ ತುಸು ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಐದು ಬಾರಿ ಊದಿ. ಕೂಸಾದರೆ ನಿಮ್ಮ ಬಾಯಿ ಅದರ ಮೂಗು, ಬಾಯಿ ಎರಡನ್ನೂ ಮುಚ್ಚಲಿ. ಮಗುವಿನ ಎದೆ ಏಳುವಷ್ಟು ಊದಿದರೆ ಸಾಕು. ಆಮೇಲೂ ಉಸಿರಾಡದಿದ್ದರೆ ಎದೆಯ ನಡುವೆ 30 ಬಾರಿ ಒತ್ತಿ, ಎರಡು ಬಾರಿ ಊದಿ, ಹೀಗೇ ಮುಂದುವರಿಸಿ. ನಿಮಿಷಕ್ಕೆ 100ರಿಂದ 120ರ ವೇಗ, ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಆಳ. ಕೂಸಿಗೆ ಎರಡೂ ಕೈಗಳಿಂದ ಎದೆಯನ್ನು ಬಳಸಿ ಹಿಡಿದು ಎರಡು ಹೆಬ್ಬೆರಳಿನಿಂದ ಒತ್ತಬೇಕು. ಸಹಾಯ ಬರುವವರೆಗೆ ಬಿಡಬೇಡಿ. ಮಗು ಚೇತರಿಸಿಕೊಂಡು ಎದ್ದು ಕುಳಿತರೂ ಆಸ್ಪತ್ರೆಗೆ ತೋರಿಸಲೇಬೇಕು. ಕೆಲವು ಗಂಟೆಗಳ ನಂತರವೂ ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು.

ಇದನ್ನು ಓದಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದು ಮೇಲು. ನಿಮ್ಮ ವೈದ್ಯರನ್ನೋ ದಾದಿಯರನ್ನೋ ಒಮ್ಮೆ ಕೇಳಿ ತೋರಿಸಿಕೊಳ್ಳಿ.

ಕೊನೆಯ ಮಾತು

ಪ್ರವಾಸದಿಂದ ಮರಳಿದ ಮೇಲೆ ಎಷ್ಟು ಊರು ನೋಡಿದಿರಿ ಎಂದು ಮಕ್ಕಳು ಲೆಕ್ಕ ಇಡುವುದಿಲ್ಲ. ಮರಳಿನಲ್ಲಿ ಕಟ್ಟಿದ ಗುಬ್ಬಿಗೂಡು, ಅಪ್ಪನ ಕೈ ಹಿಡಿದು ಹಾರಿದ ಮೊದಲ ಅಲೆ, ಇವು ಅವರಿಗೆ ನೆನಪಿರುತ್ತವೆ. ಅದಕ್ಕೆ ಒಂದು ಸಂಜೆ ಸಾಕು. ಮೂರು ವರ್ಷದವನು ದಣಿದು ಕಣ್ಣು ಉಜ್ಜಿದ ಕ್ಷಣವೇ ಅಂದಿನ ಪ್ರವಾಸ ಮುಗಿಯಿತೆಂದು ತಿಳಿಯಿರಿ. ಕಡಲು ಎಲ್ಲಿಯೂ ಹೋಗುವುದಿಲ್ಲ. ಮುಂದಿನ ವರ್ಷವೂ ಅಲ್ಲೇ ಇರುತ್ತದೆ.