ಇಂಡಕ್ಷನ್ ಮೋಟಾರಿಗೆ ತನ್ನ ಸ್ಥಾನ ತಿಳಿದೀತೆ?

ನಾಗರಬಾವಿಯಲ್ಲಿ ನಾವಿರುವ ಕಟ್ಟಡದ ಲಿಫ್ಟು ಒಬ್ಬರೇ ಹತ್ತಿದರೆ ನೆಲಕ್ಕೆ ಸಮನಾಗಿ ನಿಲ್ಲುತ್ತದೆ. ಐದಾರು ಜನ ತುಂಬಿದರೆ ನಾಲ್ಕು ಬೆರಳಿನಷ್ಟು ಕೆಳಗೇ ನಿಂತುಬಿಡುತ್ತದೆ. ಕಳೆದ ಯುಗಾದಿಯಂದು ನಮ್ಮಜ್ಜಿ ಹೊರಗೆ ಕಾಲಿಡುವಾಗ ಎಡವಿ ಮಣಿಕಟ್ಟು ಮುರಿದುಕೊಂಡರು. ರಿಪೇರಿಗೆ ಬಂದಾತ, "ಮೋಟಾರಿಗೆ ಕಣ್ಣಿಲ್ಲ ಸ್ವಾಮಿ, ಎನ್‌ಕೋಡರ್ ಕೂಡಿಸಬೇಕು" ಎಂದನು. ಕಣ್ಣಿಲ್ಲದೆ ನಡೆಯದೆ? ಕಲಾ ವಿಭಾಗದವನಾದರೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

1888ರಲ್ಲಿ ಇಟಲಿಯ ಫೆರಾರಿಸ್, ಅಮೆರಿಕದಲ್ಲಿದ್ದ ಟೆಸ್ಲಾ ಇಬ್ಬರೂ ಬೇರೆ ಬೇರೆಯಾಗಿ ಪ್ರಕಟಿಸಿದ ಯಂತ್ರವಿದು. ಕಾಮಾಕ್ಷಿಪಾಳ್ಯದ ವರ್ಕ್‌ಷಾಪುಗಳಲ್ಲಿ ತಿರುಗುವುದೂ, ಅತ್ತಿಗುಪ್ಪೆಯ ಮೇಲೆ ಹಾಯುವ ಮೆಟ್ರೊ ರೈಲನ್ನು ಎಳೆಯುವುದೂ ಇದೇ ಜಾತಿ. ಹೊರಗಿನ ಸುರುಳಿಗಳಲ್ಲಿ ಆಯಸ್ಕಾಂತ ಕ್ಷೇತ್ರವು ಸುತ್ತುತ್ತದೆ; ಒಳಗಿನ ರೋಟರು ಅದನ್ನು ಬೆನ್ನಟ್ಟುತ್ತದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಕ್ಷೇತ್ರ ನಿಮಿಷಕ್ಕೆ 1500 ಸುತ್ತು ಹಾಕಿದರೆ, ರೋಟರು ಪೂರ್ಣ ಭಾರದಲ್ಲಿ ಸುಮಾರು 1440 ಸುತ್ತು ಹಾಕೀತು. ಹಿಂದುಳಿಯದಿದ್ದರೆ ಅದಕ್ಕೆ ಎಳೆತವೇ ಹುಟ್ಟದು. ಭಾರ ಹೆಚ್ಚಿದಷ್ಟೂ ಈ ಹಿಂದುಳಿಯುವಿಕೆ, ಅಂದರೆ ಸ್ಲಿಪ್, ಹೆಚ್ಚುತ್ತದೆ. ಅಜ್ಜಿಯನ್ನು ಕೆಡವಿದ ನಾಲ್ಕು ಬೆರಳು ಇದೇ.

ನಮ್ಮ ಬೀದಿಯ ಹಿಟ್ಟಿನ ಗಿರಣಿಯವರು ಒಳಗೆ ಊಟಕ್ಕೆ ಕೂತಿದ್ದೂ ಮೋಟಾರಿನ ಸದ್ದು ಕೇಳಿಯೇ "ರಾಗಿ ಜಾಸ್ತಿ ಸುರಿದೆ ಕಣೋ" ಎಂದು ಮಗನನ್ನು ಗದರುತ್ತಾರೆ. ಹಾಗೆಯೇ ಮೋಟಾರಿನ ತಂತಿಗಳಲ್ಲಿನ ವೋಲ್ಟೇಜನ್ನೂ ಕರೆಂಟನ್ನೂ ಅಳೆದು, ಕ್ಷೇತ್ರ ಎಲ್ಲಿದೆ, ರೋಟರು ಎಷ್ಟು ಹಿಂದಿದೆ ಎಂದು ಲೆಕ್ಕಹಾಕಬಹುದು. ವೇಗವಾಗಿ ಓಡುವಾಗ ಈ ಲೆಕ್ಕ ಚೆನ್ನಾಗಿಯೇ ಬರುತ್ತದೆ.

ತೊಡಕು ಇರುವುದು ನಿಧಾನದಲ್ಲಿ. ಓಟ ತಗ್ಗಿದಂತೆ ಕ್ಷೇತ್ರ ಹುಟ್ಟಿಸುವ ವೋಲ್ಟೇಜೂ ತಗ್ಗುತ್ತದೆ. ಉಳಿಯುವುದು ಬಹುಪಾಲು ತಂತಿಯ ರೋಧವು ನುಂಗುವ ವೋಲ್ಟೇಜೇ. ಆ ರೋಧವಾದರೂ ಸ್ಥಿರವೆ? ತಾಮ್ರದ ಸುರುಳಿ 20 ಡಿಗ್ರಿಯಿಂದ 70ಕ್ಕೆ ಕಾದರೆ ರೋಧ ಸುಮಾರು ಐದನೆಯ ಒಂದು ಪಾಲು ಏರುತ್ತದೆ. ಬೆಳಗಿನ ಲೆಕ್ಕ ಮಧ್ಯಾಹ್ನಕ್ಕೆ ಸುಳ್ಳಾಯಿತು. ಲಿಫ್ಟು ನೆಲ ಹುಡುಕಬೇಕಾದುದೋ ಸರಿಯಾಗಿ ಆ ನಿಧಾನದ ಕೊನೆಯ ಗಳಿಗೆಯಲ್ಲಿ!

ಇನ್ನೂ ಒಂದು ಮಾತು. ವೇಗ ಬೇರೆ, ಸ್ಥಾನ ಬೇರೆ. ವೇಗವನ್ನು ಕೂಡಿಸುತ್ತಾ ಹೋಗಿ ಸ್ಥಾನ ಪಡೆಯೋಣವೆಂದರೆ, ನಿಮಿಷಕ್ಕೆ ಒಂದೇ ಸುತ್ತಿನ ತಪ್ಪಿದ್ದರೂ ಒಂದು ನಿಮಿಷದಲ್ಲಿ ಪೂರಾ ಒಂದು ಸುತ್ತು ತಪ್ಪಿಹೋಗುತ್ತದೆ. ಗಿರಣಿಯವರು ಸದ್ದಿನಿಂದ ಓಟವನ್ನು ಹೇಳಿಯಾರು. ಕಲ್ಲು ನಿಂತಾಗ ಅದರ ಮೇಲಿನ ಸುಣ್ಣದ ಗುರುತು ಯಾವ ಕಡೆಗಿದೆ ಎಂದು ಹೇಳಲಾರರು.

ಇದಕ್ಕೆ ಪಂಡಿತರು ಹೂಡಿದ ಉಪಾಯ ನನಗೆ ಬಹಳ ಹಿಡಿಸಿತು. ಮೋಟಾರು ಸುಮ್ಮನಿದ್ದರೆ ನಾವೇ ಅದನ್ನು ಮಾತನಾಡಿಸುವುದು. ನಡೆಸುವ ವಿದ್ಯುತ್ತಿನ ಜೊತೆಗೆ ಅತಿ ವೇಗವಾಗಿ ಕಂಪಿಸುವ ಸಣ್ಣದೊಂದು ವೋಲ್ಟೇಜನ್ನು ಸೇರಿಸಿ, ಮರಳುವ ಕರೆಂಟಿನ ಏರಿಳಿತವನ್ನು ನೋಡುತ್ತಾರೆ. ರೋಟರಿನಲ್ಲಿ ಒಂದು ಕಡೆಗೂ ಇನ್ನೊಂದು ಕಡೆಗೂ ಭೇದವಿದ್ದರೆ, ನಿಂತಿದ್ದರೂ ಕರೆಂಟು ಅದನ್ನು ತಿಳಿಸುತ್ತದೆ. ಆದರೆ ಇಂಡಕ್ಷನ್ ಮೋಟಾರಿನ ರೋಟರು ಸುತ್ತಲೂ ಏಕರೂಪ. ಹೇಳಿಕೊಳ್ಳುವಂಥ ಗುರುತೇ ಅದಕ್ಕಿಲ್ಲ. ಅದರ ಸೀಳುಗಳು ಕೊಡುವ ಅಲ್ಪ ಸುಳಿವನ್ನು ಹಿಡಿಯಬೇಕು, ಇಲ್ಲವೆ ಸೀಳುಗಳನ್ನೇ ಬೇಕೆಂದು ಅಸಮವಾಗಿ ಮಾಡಬೇಕು. ಕಾಯಂ ಆಯಸ್ಕಾಂತವಿರುವ ಮೋಟಾರಿಗೆ ಧ್ರುವಗಳೇ ಗುರುತಾಗಿರುವುದರಿಂದ ಅಲ್ಲಿ ಈ ಕೆಲಸ ಸುಲಭ.

ಫ್ಯಾನಿಗೂ ಪಂಪಿಗೂ ಕಣ್ಣು ಬೇಡವೆಂದೇ ನನ್ನ ಅಭಿಪ್ರಾಯ. ಧೂಳು, ತೇವಗಳಲ್ಲಿ ಅದು ಕೆಡುವುದೇ ಹೆಚ್ಚು. ಮನುಷ್ಯರನ್ನು ಹೊರುವ ಲಿಫ್ಟಿನ ಮಾತು ಬೇರೆ. ಹೋದ ಭಾನುವಾರ ಕಟ್ಟಡದವರೆಲ್ಲ ಸೇರಿ ಎನ್‌ಕೋಡರಿಗೆ ಹಣ ಹಾಕಿದೆವು. ಅದು ಬರುವ ತನಕ ಅಜ್ಜಿ ಮೂರನೆಯ ಅಂತಸ್ತಿಗೆ ಮೆಟ್ಟಿಲು ಹತ್ತಿಯೇ ಬರುತ್ತಿದ್ದಾರೆ.