ಮೈದಾನದಿಂದ ಹೊರಬರುವುದು ಯಾವಾಗ?



2024ರ ಆಗಸ್ಟ್ 8ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಹಾಕಿ ತಂಡವು ಸ್ಪೇನ್ ತಂಡವನ್ನು 2–1 ಗೋಲುಗಳಿಂದ ಸೋಲಿಸಿ ಕಂಚಿನ ಪದಕವನ್ನು ಪಡೆಯಿತು. ಅಂದೇ ಗೋಲ್‌ಕೀಪರ್ ಪಿ. ಆರ್. ಶ್ರೀಜೇಶ್ ಅವರು ಅಂತಾರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ಮರುದಿನ ತರಗತಿಯಲ್ಲಿ ಈ ಸುದ್ದಿಯನ್ನು ಓದಿ ಹೇಳುತ್ತಾ, "ಅವರಿಗೆ 36 ವರ್ಷ. ಹಾಕಿಯಲ್ಲಿ ಅದು ದೊಡ್ಡ ವಯಸ್ಸು" ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ್, ನಮ್ಮಪ್ಪಗ ನಲವತ್ತೆರಡ್ರಿ. ಇಲ್ಲೇ ಮಡ್ಕಯಿ ಫ್ಯಾಕ್ಟರ್ಯಾಗ ದಿನಾ ಚೀಲಾ ಹೊರ್ತಾರ್ರಿ. ಮೂವತ್ತಾರು ಹೆಂಗ್ರಿ ದೊಡ್ಡ ವಯಸ್ಸು?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ದೇಹದ ಲೆಕ್ಕ

ತೀರ ಮುದುಕರಾದವರನ್ನು ಕುರಿತು "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ" ಎಂಬ ಗಾದೆ ನಮ್ಮಲ್ಲಿದೆ. ಆಟಗಾರನ ಕಿವಿಗೆ ಈ ಮಾತು ಮೂವತ್ತು ದಾಟುತ್ತಿದ್ದಂತೆಯೇ ಬೀಳತೊಡಗುತ್ತದೆ. ಇದಕ್ಕೆ ಕಾರಣವನ್ನು ಮೊದಲು ನೋಡೋಣ.

ಹಾಕಿ ಮೈದಾನದ ಉದ್ದ 91.4 ಮೀಟರು, ಅಗಲ 55 ಮೀಟರು. ಪಂದ್ಯದ ಅವಧಿ ತಲಾ 15 ನಿಮಿಷಗಳ ನಾಲ್ಕು ಭಾಗಗಳು, ಒಟ್ಟು 60 ನಿಮಿಷ. ಆಟಗಾರನು ಈ ಹೊತ್ತಿನಲ್ಲಿ ಒಂದೇ ವೇಗದಲ್ಲಿ ಓಡುವುದಿಲ್ಲ. ಬಾಣದಂತೆ ನುಗ್ಗುತ್ತಾನೆ, ತಟ್ಟನೆ ನಿಲ್ಲುತ್ತಾನೆ, ತಿರುಗಿ ಮತ್ತೆ ನುಗ್ಗುತ್ತಾನೆ. ಚೆಂಡು ನೆಲದ ಮೇಲಿರುವುದರಿಂದ ಬಹುಪಾಲು ಹೊತ್ತು ಸೊಂಟ ಬಗ್ಗಿಸಿಯೇ ಆಡಬೇಕು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹುಲ್ಲಿನ ಬದಲು ಕೃತಕ ಹಾಸಿನ ಮೇಲೆ ಆಟ ನಡೆಯತೊಡಗಿತು. ಚೆಂಡಿನ ವೇಗ ಹೆಚ್ಚಿತು. ಅದರೊಡನೆ ಮೊಣಕಾಲು ಮತ್ತು ಬೆನ್ನಿನ ಮೇಲೆ ಬೀಳುವ ಭಾರವೂ ಹೆಚ್ಚಿತು.

ಮೂವತ್ತು ದಾಟಿದ ಮೇಲೆ ಮನುಷ್ಯನ ಹೃದಯದ ಬಡಿತದ ಗರಿಷ್ಠ ಮಿತಿ ಮೆಲ್ಲನೆ ಇಳಿಯುತ್ತದೆ. ದೇಹವು ಬಳಸಬಲ್ಲ ಆಮ್ಲಜನಕದ ಪ್ರಮಾಣವೂ ಕಡಿಮೆಯಾಗುತ್ತದೆ. ನಮ್ಮ ಸ್ನಾಯುಗಳಲ್ಲಿ ಬೇಗ ಸೆಳೆಯುವ ಎಳೆಗಳು, ನಿಧಾನವಾಗಿ ಸೆಳೆಯುವ ಎಳೆಗಳು ಎಂದು ಎರಡು ಬಗೆ. ವಯಸ್ಸು ಮೊದಲು ಸೊರಗಿಸುವುದು ಬೇಗ ಸೆಳೆಯುವ ಎಳೆಗಳನ್ನು. ಹಾಕಿಯ ನುಗ್ಗಾಟಕ್ಕೆ ಬೇಕಾದವು ಇವೇ. ಚೀಲ ಹೊರುವವನಿಗೆ ಹೆಚ್ಚಾಗಿ ಬೇಕಾದದ್ದು ಬಲ ಮತ್ತು ತಾಳಿಕೆ. ಇವು ಅಷ್ಟು ಬೇಗ ಕೈಬಿಡುವುದಿಲ್ಲ. ಮೂವತ್ತಾರು ಒಬ್ಬನಿಗೆ ದೊಡ್ಡ ವಯಸ್ಸಾಗಿ, ನಲವತ್ತೆರಡು ಇನ್ನೊಬ್ಬನಿಗೆ ದುಡಿಯುವ ವಯಸ್ಸಾಗಿ ಕಾಣಲು ಇದೊಂದು ಕಾರಣ.

ಇನ್ನೊಂದು ಕಾರಣವನ್ನೂ ಮುಚ್ಚಿಡಬಾರದು. ಚೀಲ ಹೊರುವವನ ಬೆನ್ನೂ ಸವೆಯುತ್ತದೆ. ಆದರೆ ಅವನು ನಿಲ್ಲಿಸಿದರೆ ಮನೆಯ ಒಲೆ ಉರಿಯುವುದಿಲ್ಲ. ಅವನಿಗೆ ವಿದಾಯದ ಪಂದ್ಯವಿಲ್ಲ, ಹೂಮಾಲೆಯಿಲ್ಲ. ಆದ್ದರಿಂದಲೇ ಅವನಿಗೆ ವಯಸ್ಸಾಯಿತೆಂದು ಯಾರೂ ಹೇಳುವುದಿಲ್ಲ.

ಉಳಿದವರು ಹೇಗೆ ಉಳಿದರು?

ವಾಡಿಕೆಯ ವಯಸ್ಸನ್ನು ದಾಟಿ ಆಡಿದವರು ಹಾಕಿಯಲ್ಲಿ ಹಿಂದಿನಿಂದಲೂ ಇದ್ದಾರೆ. 1905ರಲ್ಲಿ ಹುಟ್ಟಿದ ಧ್ಯಾನ್‌ಚಂದ್ ಅವರು 1928, 1932 ಮತ್ತು 1936ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು. ಮಹಾಯುದ್ಧದಿಂದಾಗಿ 1940 ಮತ್ತು 1944ರ ಒಲಿಂಪಿಕ್ಸ್‌ಗಳು ನಡೆಯಲೇ ಇಲ್ಲ. ಆದರೂ 1947ರಲ್ಲಿ, ತಮ್ಮ 42ನೆಯ ವಯಸ್ಸಿನಲ್ಲಿ, ಅವರು ಭಾರತ ತಂಡದೊಡನೆ ಪೂರ್ವ ಆಫ್ರಿಕಾ ಪ್ರವಾಸಕ್ಕೆ ಹೊರಟರು. ಲೆಸ್ಲಿ ಕ್ಲಾಡಿಯಸ್ 1948ರಿಂದ 1960ರವರೆಗೆ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಆಡಿದರು. ಕೊನೆಯದರಲ್ಲಿ, 33ನೆಯ ವಯಸ್ಸಿನಲ್ಲಿ, ತಂಡದ ನಾಯಕರಾಗಿದ್ದರು. ಉಧಮ್ ಸಿಂಗ್ 1964ರ ಟೋಕಿಯೋದಲ್ಲಿ ಚಿನ್ನ ಗೆದ್ದಾಗ ಅವರಿಗೆ 36 ವರ್ಷ. ಧನರಾಜ್ ಪಿಳ್ಳೈ ತಮ್ಮ ನಾಲ್ಕನೆಯ ಒಲಿಂಪಿಕ್ಸ್ ಆಡಿದ್ದು 2004ರಲ್ಲಿ, ಅದೇ 36ರಲ್ಲಿ. ನೆದರ್ಲೆಂಡ್ಸ್‌ನ ಟ್ಯೂನ್ ಡಿ ನೂಯರ್ 2012ರಲ್ಲಿ, 36ನೆಯ ವಯಸ್ಸಿನಲ್ಲಿ, ಐದನೆಯ ಒಲಿಂಪಿಕ್ಸ್ ಆಡಿ ಬೆಳ್ಳಿ ಪದಕ ಪಡೆದರು. ಮರುವರ್ಷ ನಮ್ಮ ದೇಶದಲ್ಲಿ ಹಾಕಿ ಇಂಡಿಯಾ ಲೀಗ್ ಆರಂಭವಾದಾಗ ಉತ್ತರ ಪ್ರದೇಶದ ತಂಡವು ಅವರನ್ನು ಹಣ ಕೊಟ್ಟು ಕರೆತಂದಿತು.

ಇವರೆಲ್ಲ ವಯಸ್ಸನ್ನು ಗೆದ್ದರು ಎಂದು ಹೇಳುವುದು ಸುಲಭ. ವಯಸ್ಸನ್ನು ಗೆದ್ದವರು ಯಾರೂ ಇಲ್ಲ. ತಂಡಕ್ಕೆ ತಾವು ಮಾಡಬಲ್ಲ ಕೆಲಸವೊಂದನ್ನು ಇವರು ಕಂಡುಕೊಂಡರು, ಅದನ್ನು ಮೊದಲ ದರ್ಜೆಯಲ್ಲಿ ಮಾಡಿದರು ಎನ್ನುವುದು ಸರಿಯಾದ ಮಾತು.

ಶ್ರೀಜೇಶ್ ಅವರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಗೋಲಿನ ಬಾಯಿ 3.66 ಮೀಟರು ಅಗಲ, 2.14 ಮೀಟರು ಎತ್ತರ. ಪೆನಾಲ್ಟಿ ಕಾರ್ನರ್‌ನಲ್ಲಿ ಎದುರಾಳಿಯು ಸುಮಾರು 14–15 ಮೀಟರು ದೂರದಿಂದ ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಚೆಂಡನ್ನು ಬೀಸಿದನೆಂದುಕೊಳ್ಳಿ. ಗಣಿತದ ಮಾಸ್ತರರನ್ನು ಕೇಳಿ ಲೆಕ್ಕ ಮಾಡಿ ನೋಡಿ: ಚೆಂಡು ಗೋಲು ತಲುಪಲು ಅರ್ಧ ಸೆಕೆಂಡು ಸಾಕು. ಚೆಂಡನ್ನು ನೋಡಿ ಆಮೇಲೆ ಅಲುಗಾಡುವವನಿಗೆ ಅದು ಸಿಗುವುದು ಕಷ್ಟ. ಬೀಸುವವನ ಭುಜ, ಹೆಜ್ಜೆ, ಕೋಲಿನ ಓಟವನ್ನು ನೋಡಿ ಚೆಂಡು ಎತ್ತ ಬರುವುದೆಂದು ಮೊದಲೇ ಊಹಿಸಬೇಕು. ಆ ಊಹೆ ಸಾವಿರಾರು ಹೊಡೆತಗಳನ್ನು ಎದುರಿಸಿದವನಿಗೆ ಮಾತ್ರ ದಕ್ಕುತ್ತದೆ. ಪ್ಯಾರಿಸ್‌ನ ಕ್ವಾರ್ಟರ್ ಫೈನಲ್ ಪಂದ್ಯದಲ್ಲಿ ಬ್ರಿಟನ್ ಎದುರು ನಮ್ಮ ತಂಡ ನಲವತ್ತು ನಿಮಿಷಕ್ಕೂ ಹೆಚ್ಚು ಕಾಲ ಹತ್ತೇ ಜನರೊಂದಿಗೆ ಆಡಬೇಕಾಯಿತು. ಪಂದ್ಯ 1–1ರಲ್ಲಿ ಸಮನಾಗಿ, ಶೂಟೌಟ್‌ನಲ್ಲಿ ನಾವು 4–2ರಿಂದ ಗೆದ್ದೆವು. ಗೋಲಿನ ಮುಂದೆ ನಿಂತಿದ್ದವರು ಆ "ದೊಡ್ಡ ವಯಸ್ಸಿನ" ಶ್ರೀಜೇಶ್.

ಆಟದ ನಿಯಮಗಳೂ ಹಿರಿಯರಿಗೆ ನೆರವಾಗುತ್ತವೆ. ಒಮ್ಮೆ ಹೊರಬಂದ ಆಟಗಾರ ಮತ್ತೆ ಒಳಹೋಗಬಹುದೆಂಬ ನಿಯಮ ಹಾಕಿಗೆ 1992ರಲ್ಲಿ ಬಂದಿತು. ದಣಿದವರು ಕೆಲವು ನಿಮಿಷ ಕುಳಿತು ಮತ್ತೆ ಇಳಿಯಬಹುದು. ಕೆನಡಾ, ಅಮೆರಿಕಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯಲ್ಲಂತೂ ಆಟಗಾರರು ಒಂದು ಸಲಕ್ಕೆ ಸುಮಾರು ಒಂದು ನಿಮಿಷ ಮಾತ್ರ ಆಡಿ ಬದಲಾಗುತ್ತಿರುತ್ತಾರೆ. ಆ ಆಟದ ಪ್ರಸಿದ್ಧ ವೃತ್ತಿಪರ ಆಟಗಾರ ಗೋರ್ಡಿ ಹೋವ್ 1946ರಲ್ಲಿ ಆರಂಭಿಸಿ, ಮಣಿಕಟ್ಟಿನ ನೋವಿನಿಂದ 1971ರಲ್ಲಿ ನಿವೃತ್ತರಾದರು. ಎರಡು ವರ್ಷದ ಬಳಿಕ, ತಮ್ಮ ಇಬ್ಬರು ಗಂಡುಮಕ್ಕಳೊಡನೆ ಒಂದೇ ತಂಡದಲ್ಲಿ ಆಡುವ ಆಸೆಯಿಂದ ಹಿಂತಿರುಗಿದರು. 1980ರಲ್ಲಿ ಅವರು ಕೊನೆಯದಾಗಿ ಆಟ ನಿಲ್ಲಿಸಿದಾಗ ವಯಸ್ಸು 52; ಆ ಋತುವಿನ ಎಲ್ಲ 80 ಪಂದ್ಯಗಳನ್ನೂ ಅವರು ಆಡಿದ್ದರು.

ಸ್ಥಾನ ಬಿಟ್ಟುಕೊಡುವ ಪ್ರಶ್ನೆ

ಹಾಗಾದರೆ ಆಗುವಷ್ಟು ಕಾಲ ಆಡುತ್ತಲೇ ಇರಬೇಕೇ? ಇಲ್ಲಿ ಎರಡನೆಯ ಪ್ರಶ್ನೆ ಏಳುತ್ತದೆ. ಒಲಿಂಪಿಕ್ಸ್‌ಗೆ ಹೋಗುವ ಹಾಕಿ ತಂಡದಲ್ಲಿರುವುದು 16 ಸ್ಥಾನಗಳು. ಹಿರಿಯನೊಬ್ಬ ಕುಳಿತಿರುವ ಜಾಗದ ಹೊರಗೆ ಕಿರಿಯನೊಬ್ಬ ಕಾಯುತ್ತಿರುತ್ತಾನೆ.

ನಮ್ಮ ಕರ್ನಾಟಕದ ಎಸ್. ವಿ. ಸುನಿಲ್ ಕೊಡಗಿನ ಸೋಮವಾರಪೇಟೆಯವರು. ಮಿಂಚಿನ ಓಟಕ್ಕೆ ಹೆಸರಾದವರು. 14 ವರ್ಷ ಭಾರತಕ್ಕಾಗಿ ಆಡಿ, 264 ಪಂದ್ಯಗಳಲ್ಲಿ 72 ಗೋಲು ಹೊಡೆದರು. 2021ರ ಟೋಕಿಯೋ ಒಲಿಂಪಿಕ್ಸ್ ತಂಡದಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ, 32ನೆಯ ವಯಸ್ಸಿಗೆ, ಅವರು ವಿದಾಯ ಹೇಳಿದರು. ಇನ್ನೂ ಆಡಬಲ್ಲೆನೆಂದು ದೇಹ ಹೇಳುತ್ತಿದ್ದರೂ, ಮುಂದಿನ ಒಲಿಂಪಿಕ್ಸ್‌ಗೆ ಎಳೆಯರು ಸಿದ್ಧರಾಗಲು ದಾರಿ ಬಿಡುವ ಹೊತ್ತು ಇದು ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು.

ಇದೇ ಕೊಡಗಿನ ಇನ್ನೊಬ್ಬರು ರೋಹನ್ ಬೋಪಣ್ಣ. ಆಟ ಮಾತ್ರ ಬೇರೆ, ಟೆನಿಸ್. ಮೊಣಕಾಲಿನ ಮೃದ್ವಸ್ಥಿ ಸವೆದು ನೋವಿನಿಂದ ಆಟ ಬಿಡುವ ಯೋಚನೆಯಲ್ಲಿದ್ದವರು ಯೋಗಾಭ್ಯಾಸದಿಂದ ಕಾಲನ್ನು ಗಟ್ಟಿಮಾಡಿಕೊಂಡರು. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿ ಗೆದ್ದು ಡಬಲ್ಸ್‌ನಲ್ಲಿ ಜಗತ್ತಿನ ಮೊದಲನೆಯ ಸ್ಥಾನಕ್ಕೇರಿದರು. 2025ರ ನವೆಂಬರಿನಲ್ಲಿ ನಿವೃತ್ತರಾದರು.

ಒಬ್ಬರು 32ಕ್ಕೆ ಬಿಟ್ಟರು, ಇನ್ನೊಬ್ಬರು 45ರವರೆಗೆ ಆಡಿದರು. ಇವರಲ್ಲಿ ಯಾರು ಸರಿ? ಇಬ್ಬರೂ ಸರಿ ಎಂದೇ ನನ್ನ ಅಭಿಪ್ರಾಯ. ಬೋಪಣ್ಣನವರು ಗೆದ್ದು ತಮ್ಮ ಸ್ಥಾನವನ್ನು ಉಳಿಸಿಕೊಂಡರು. ಯಾರ ಪಾಲನ್ನೂ ಕಿತ್ತುಕೊಳ್ಳಲಿಲ್ಲ. ಸುನಿಲ್ ಅವರು ತಂಡದ ನಾಳೆಯನ್ನು ನೆನೆದು ಸರಿದು ನಿಂತರು. ಎಷ್ಟು ವಯಸ್ಸು ಎಂದು ಕೇಳುವುದಕ್ಕಿಂತ, ಈ ಕೆಲಸವನ್ನು ಇವರಿಗಿಂತ ಚೆನ್ನಾಗಿ ಮಾಡುವವರು ಇದ್ದಾರೆಯೇ ಎಂದು ಕೇಳುವುದು ನ್ಯಾಯ. ಹಳೆಯ ಹೆಸರಿನ ಬಲದಿಂದ ಸ್ಥಾನ ಹಿಡಿದು ಕೂರುವುದು ಎಷ್ಟು ತಪ್ಪೋ, ಹುಟ್ಟಿದ ವರ್ಷವನ್ನು ಮಾತ್ರ ನೋಡಿ ಸಮರ್ಥನನ್ನು ಹೊರಹಾಕುವುದೂ ಅಷ್ಟೇ ತಪ್ಪು.

ಕೊಡಗು ತೋರಿದ ದಾರಿ

ಮೊದಲ ದರ್ಜೆಯ ಸ್ಥಾನ ಬಿಟ್ಟ ಮೇಲೆ ಆಟವನ್ನೇ ಬಿಡಬೇಕೇ? ಇದಕ್ಕೆ ಕೊಡಗಿನ ಜನ ಸೊಗಸಾದ ಉತ್ತರ ಕೊಟ್ಟಿದ್ದಾರೆ.

1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ ವಿರಾಜಪೇಟೆ ಸಮೀಪದ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಆರಂಭವಾಯಿತು. ಮೊದಲ ವರ್ಷ ಸೇರಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಹಬ್ಬದಲ್ಲಿ 360 ಕುಟುಂಬಗಳ ತಂಡಗಳಿದ್ದವು. 2025ರಲ್ಲಿ ಮಡಿಕೇರಿಯಲ್ಲಿ ಆ ಸಂಖ್ಯೆ 396ಕ್ಕೆ ಏರಿತು. ಇಲ್ಲಿ ತಂಡವೆಂದರೆ ಒಂದು ಒಕ್ಕ, ಅಂದರೆ ಒಂದೇ ಮನೆತನದವರು. ವಯಸ್ಸಿನ ಕಟ್ಟಳೆಯಿಲ್ಲ, ಗಂಡು ಹೆಣ್ಣೆಂಬ ಭೇದವೂ ಇಲ್ಲ. ಒಲಿಂಪಿಕ್ಸ್ ಆಡಿದವರು, ಸೈನ್ಯದಿಂದ ನಿವೃತ್ತರಾದವರು, ಶಾಲೆಯ ಮಕ್ಕಳು ಒಂದೇ ತಂಡದಲ್ಲಿ ನಿಲ್ಲುತ್ತಾರೆ. ಅಜ್ಜ ಹಿಂದೆ ನಿಂತು ಚೆಂಡು ತಡೆದು ಕೊಟ್ಟರೆ ಮೊಮ್ಮಗ ಅದನ್ನು ಮುಂದಕ್ಕೆ ಓಡಿಸುತ್ತಾನೆ. ಅಜ್ಜ ಆಡಿದ್ದರಿಂದ ಮೊಮ್ಮಗನ ಸ್ಥಾನ ಹೋಗಲಿಲ್ಲ. ಅಜ್ಜನನ್ನು ನೋಡಿಯೇ ಮೊಮ್ಮಗ ಆಟ ಕಲಿತ. ಪುಟ್ಟ ಜಿಲ್ಲೆಯೊಂದು ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ ಅವರಂಥ ಆಟಗಾರರನ್ನು ದೇಶಕ್ಕೆ ಕೊಟ್ಟಿತು. ಮನೆಮನೆಯಲ್ಲೂ ಆಡಿದ ಹಿರಿಯರಿದ್ದುದೇ ಅದಕ್ಕೆ ಬಲವಾಗಿತ್ತು.

ನಾವಿರುವ ಗೋವೆಗೂ ಈ ಕಥೆಯೊಡನೆ ನಂಟಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿ ಕೊಡಗಿನ ಗಣೇಶ್ ಮತ್ತು ಗೋವಿಂದರ ಜೊತೆಗೆ ಗೋವೆಯಲ್ಲಿ ಹುಟ್ಟಿದ ವೀಸ್ ಪೇಸ್ ಅವರೂ ಆಡಿದ್ದರು. ಟೆನಿಸ್ ಆಟಗಾರ ಲಿಯಾಂಡರ್ ಪೇಸ್ ಅವರ ತಂದೆ ಇವರು. ಆಟ ನಿಂತ ಮೇಲೆ ವೀಸ್ ಪೇಸ್ ಕ್ರೀಡಾಪಟುಗಳ ದೇಹವನ್ನು ಕಾಪಾಡುವ ವೈದ್ಯರಾಗಿ ದುಡಿದರು, 2025ರಲ್ಲಿ ತೀರಿಕೊಂಡರು. ಗಣೇಶ್ ಅವರು ತರಬೇತುದಾರರಾದರು. ಪ್ಯಾರಿಸ್‌ನಿಂದ ಮರಳಿದ ಶ್ರೀಜೇಶ್ ಕೂಡ ಕಿರಿಯರ ತಂಡವನ್ನು ತರಬೇತುಗೊಳಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಆ ತಂಡ ಜೂನಿಯರ್ ಏಷ್ಯಾ ಕಪ್ ಗೆದ್ದಿತು. ನಮ್ಮ ಸುತ್ತಮುತ್ತಲ ಊರುಗಳಲ್ಲಿಯೂ ನಲವತ್ತು ದಾಟಿದವರ ಫುಟ್‌ಬಾಲ್ ಪಂದ್ಯಗಳು ನಡೆಯುವುದನ್ನು ನೀವು ನೋಡಿರಬಹುದು. ಹೊಟ್ಟೆ ಬಂದವರು, ತಲೆ ನರೆತವರು ಏದುಸಿರು ಬಿಡುತ್ತಾ ಓಡುವುದನ್ನು ಕಂಡು ನಗಬೇಡಿ. ಅವರು ಮಾಡುತ್ತಿರುವುದು ನಾವು ಮಾಡದೆ ಇರುವ ಕೆಲಸ.

ನಮ್ಮ ಶಾಲೆಯ ನಿವೃತ್ತರು

ಕೊನೆಯದಾಗಿ ಒಂದು ಮಾತು. ಹಾಕಿ ಆಟಗಾರರು ಮೂವತ್ತೈದಕ್ಕೆ ನಿವೃತ್ತರಾಗುತ್ತಾರೆಂದು ನಾವು ಮರುಗುತ್ತೇವೆ. ನಮ್ಮ ಶಾಲೆಯಲ್ಲಿ ನಿವೃತ್ತಿಯ ವಯಸ್ಸು ಎಷ್ಟು, ಯೋಚಿಸಿದ್ದೀರಾ? ಎಂಟನೆಯ ತರಗತಿಯಲ್ಲಿ ಮೈದಾನ ಬಿಟ್ಟು ಬಾರದ ಹುಡುಗರು ಹತ್ತನೆಯ ತರಗತಿಗೆ ಬಂದೊಡನೆ, "ಸರ್, ಈ ವರ್ಷ ಆಟ ಬೇಡ ಅಂದಾರ್ರಿ ಮನ್ಯಾಗ" ಎನ್ನುತ್ತಾರೆ. ಹೆಣ್ಣುಮಕ್ಕಳಂತೂ ಅದಕ್ಕೂ ಮೊದಲೇ ಮೈದಾನದ ಅಂಚಿಗೆ ಸರಿದು ನಿಲ್ಲುತ್ತಾರೆ. ಹದಿನೈದಕ್ಕೇ ನಿವೃತ್ತಿ! ಇದು ಸ್ನಾಯುಗಳು ಸೊರಗಿ ಬಂದ ನಿವೃತ್ತಿಯಲ್ಲ. ಇವರ ಸ್ಥಾನಕ್ಕಾಗಿ ಯಾರೂ ಕಾಯುತ್ತಲೂ ಇಲ್ಲ. ಮೈದಾನ ಖಾಲಿ ಬಿದ್ದಿರುತ್ತದೆ, ಅಷ್ಟೇ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದು ಹಿರಿಯರು ಹೇಳುತ್ತಾರೆ. ಹದಿನೈದರಲ್ಲಿ ಬಿಟ್ಟ ಆಟ ನಲವತ್ತರಲ್ಲಿ ತಾನಾಗಿ ಬರುವುದಿಲ್ಲ. ಓದಿಗೆ ಹೊತ್ತು ಬೇಕು, ನಿಜ. ದಿನಕ್ಕೆ ಅರ್ಧ ಗಂಟೆಯ ಆಟದಿಂದ ಓದು ಕೆಡುವುದಿಲ್ಲವೆಂದು ಇಷ್ಟು ವರ್ಷ ಪಾಠ ಹೇಳಿದ ಅನುಭವದಿಂದ ಪಾಲಕರಿಗೆ ಭರವಸೆ ಕೊಡುತ್ತೇನೆ.

ಇನ್ನು, ಅಂದು ಪ್ರಶ್ನೆ ಕೇಳಿದ ಹುಡುಗನಿಗೆ ನನ್ನ ಉತ್ತರ ಇಷ್ಟು: ಮೂವತ್ತಾರು ದೊಡ್ಡ ವಯಸ್ಸಲ್ಲಪ್ಪ, ಒಂದು ಬಗೆಯ ಓಟಕ್ಕೆ ಮಾತ್ರ ಅದು ತಡವಾದ ವಯಸ್ಸು. ಮುಂದಿನ ಕ್ರೀಡಾದಿನದಂದು ಪಾಲಕರಿಗೂ ಒಂದು ಪಂದ್ಯ ಇಡೋಣ. ಅಂದು ಚೀಲ ಕೆಳಗಿಟ್ಟು ಒಂದು ಗಂಟೆ ಬಂದು ಹೋಗಲು ನಿನ್ನ ತಂದೆಯವರಿಗೆ ಹೇಳು. ಅವರು ಹಿಂದೆ ನಿಂತು ಚೆಂಡು ಕೊಡಲಿ, ನೀನು ಮುಂದೆ ಓಡು.

ಅಭ್ಯಾಸ

1. ಹಾಕಿ ಆಟಗಾರನ ದೇಹದಲ್ಲಿ ವಯಸ್ಸು ಮೊದಲು ಯಾವುದನ್ನು ಕುಗ್ಗಿಸುತ್ತದೆ? ಏಕೆ?
2. ಚೆಂಡು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ 14.5 ಮೀಟರು ಸಾಗಲು ಎಷ್ಟು ಸಮಯ ಬೇಕು? ಲೆಕ್ಕ ಮಾಡಿ ತೋರಿಸಿ.
3. ಸುನಿಲ್ ಮತ್ತು ಬೋಪಣ್ಣ ಇವರ ನಿರ್ಧಾರಗಳಲ್ಲಿ ನಿಮಗೆ ಯಾವುದು ಮೆಚ್ಚುಗೆಯಾಯಿತು? ಕಾರಣ ಕೊಡಿ.
4. ನಿಮ್ಮ ಮನೆಯ ಹಿರಿಯರೊಬ್ಬರು ಚಿಕ್ಕಂದಿನಲ್ಲಿ ಯಾವ ಆಟ ಆಡುತ್ತಿದ್ದರು, ಯಾವಾಗ ಮತ್ತು ಏಕೆ ಬಿಟ್ಟರು ಎಂದು ಕೇಳಿ ತಿಳಿದು ಒಂದು ಪುಟ ಬರೆಯಿರಿ.