ಪವಿತ್ರೀಕರಣ: ಸೇಡಂ ರಸ್ತೆಯ ಪ್ರಾರ್ಥನಾ ಕೂಟ ಕಲಿಸಿದ ಪಾಠಗಳು

ಕಲಬುರಗಿಯ ಸೇಡಂ ರಸ್ತೆಯ ಆಸುಪಾಸಿನ ಮನೆಗಳಲ್ಲಿ ವಾರಕ್ಕೊಮ್ಮೆ ಸೇರುವ ಪ್ರಾರ್ಥನಾ ಕೂಟವೊಂದನ್ನು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಆಸ್ಪತ್ರೆಯ ಪಾಳಿ ಮುಗಿಸಿ ಬರುವ ನರ್ಸ್‌ಗಳು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಗೌಂಡಿಗಳು, ಆಟೊ ಓಡಿಸುವವರು ಒಂದೇ ಚಾಪೆಯ ಮೇಲೆ ಕೂಡುತ್ತಾರೆ. ಹೆಚ್ಚಿನವರು ಮೆಥೋಡಿಸ್ಟ್ ಸಭೆಯವರು, ಕಥೋಲಿಕರೂ ಬರುತ್ತಾರೆ. ಒಂದಲ್ಲ ಒಂದು ದಿನ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಕ್ರಿಸ್ತನನ್ನು ನಂಬಿದ್ದಾಯಿತು, ದೀಕ್ಷಾಸ್ನಾನವೂ ಆಯಿತು, ಇನ್ನು ಮುಂದೆ ಬಾಳುವುದು ಹೇಗೆ? ಅದಕ್ಕೆ ಸಭೆ ಕೊಡುವ ಉತ್ತರ ಪವಿತ್ರೀಕರಣ, ಅಂದರೆ ಪವಿತ್ರಾತ್ಮನು ನಮ್ಮ ಬಾಳನ್ನು ದಿನದಿನವೂ ಕ್ರಿಸ್ತನ ಸ್ವಭಾವಕ್ಕೆ ತಿದ್ದುವ ಕೆಲಸ. ಆ ಕೆಲಸ ನಡೆಯುವುದು ನೆರೆಹೊರೆಯವರ ನಡುವೆಯೇ ಎಂಬುದನ್ನು ಈ ಕೂಟ ನನಗೆ ಕಲಿಸಿದೆ.

1. ಕೃಪೆ ಮೊದಲು, ನಡತೆ ಆಮೇಲೆ

ಒಳ್ಳೆಯವರಾದ ಮೇಲೆ ದೇವರ ಹತ್ತಿರ ಹೋಗೋಣ ಎಂದು ಕಾಯುವವರು ನಮ್ಮಲ್ಲಿ ಬಹಳ. ಮನೆಯಲ್ಲಿ ಜಗಳವಾದ ವಾರ ಪ್ರಭುಭೋಜನಕ್ಕೆ ಏಳದೆ ಹಿಂದಿನ ಸಾಲಿನಲ್ಲೇ ಕೂತುಬಿಡುತ್ತಾರೆ. ಕ್ಷಮೆ ನಮ್ಮ ನಡತೆಗೆ ಸಿಗುವ ಕೂಲಿಯಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲನು, ನಿಮಗಾದ ರಕ್ಷಣೆಯನ್ನು ಬಾಳಿ ತೋರಿಸಿರಿ ಎಂದು ಹೇಳಿದ ಬೆನ್ನಿಗೇ, ಅದಕ್ಕೆ ಬೇಕಾದ ಮನಸ್ಸನ್ನೂ ಬಲವನ್ನೂ ಹುಟ್ಟಿಸುವವನು ದೇವರೇ ಎನ್ನುತ್ತಾನೆ. ಜಗಳವಾಗಿದ್ದರೆ ರಾಜಿಯಾಗಿ ಬನ್ನಿ. ಆದರೆ ಬರುವುದನ್ನು ಬಿಡಬೇಡಿ.

2. ಯಾಜಕಕಾಂಡದ 19ನೇ ಅಧ್ಯಾಯವನ್ನು ಪೂರ್ತಿ ಓದಿ

ಪವಿತ್ರತೆ ಅಂದರೆ ಬಿಳಿ ಬಟ್ಟೆ, ಮೆಲುದನಿ, ದೀರ್ಘ ಪ್ರಾರ್ಥನೆ ಎಂದುಕೊಂಡು ಬರುವವರಿಗೆ ನಾನು ಮೊದಲು ಓದಿಸುವುದು ಈ ಅಧ್ಯಾಯವನ್ನು. ದೇವರು ಪವಿತ್ರನಾಗಿರುವಂತೆ ನೀವೂ ಪವಿತ್ರರಾಗಿರಬೇಕು ಎಂಬ ಆಜ್ಞೆಯಿಂದಲೇ ಅದು ಶುರುವಾಗುತ್ತದೆ. ಮುಂದೆ ಬರುವುದು ಹೊಲ, ಕೂಲಿ, ತಕ್ಕಡಿಯ ಮಾತು. ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡು. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ. ಕಿವುಡನನ್ನು ಶಪಿಸಬೇಡ. ತೂಕ, ಅಳತೆ ಸರಿಯಾಗಿರಲಿ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತೂ ಅಲ್ಲೇ ಇದೆ.

ತೊಗರಿ ರಾಶಿ ಮುಗಿದ ಹೊಲದಲ್ಲಿ ಹಕ್ಕಲು ಆಯುವ ಹೆಂಗಸರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶರಣಬಸವೇಶ್ವರರ ದಾಸೋಹವನ್ನು ನೋಡುತ್ತ ಬೆಳೆದ ಊರು ನಮ್ಮದು. ಹಂಚಿ ಉಣ್ಣುವುದು ಭಕ್ತಿಯ ಭಾಗ ಎಂದರೆ ಇಲ್ಲಿ ಯಾರೂ ಅಚ್ಚರಿಪಡುವುದಿಲ್ಲ. ಕೂಟದಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬರು ಈ ಅಧ್ಯಾಯ ಓದಿದ ಮೇಲೆ ಗೌಂಡಿಗಳ ಬಟವಾಡೆಯನ್ನು ಶನಿವಾರ ಬೆಳಿಗ್ಗೆಯೇ ಎಣಿಸಿ ಇಡತೊಡಗಿದರು. ಕೆಲಸದವರು ಸಂತೆಗೆ ಹೊತ್ತಾಯಿತೆಂದು ಸಂಜೆ ಬಾಗಿಲಲ್ಲಿ ಕಾಯುವುದು ತಪ್ಪಿತು. ಅವರ ಪವಿತ್ರೀಕರಣ ಎಲ್ಲಿಯವರೆಗೆ ಬಂತು ಎಂದು ಯಾರಾದರೂ ಕೇಳಿದರೆ ನಾನು ಆ ಶನಿವಾರಗಳನ್ನು ತೋರಿಸುತ್ತೇನೆ.

3. ಪಾಪವನ್ನು ಹೆಸರು ಹಿಡಿದು ಹೇಳಿ

‘ಪ್ರಭುವೇ, ನನ್ನ ಪಾಪಗಳನ್ನೆಲ್ಲ ಕ್ಷಮಿಸು’ ಎಂಬ ಪ್ರಾರ್ಥನೆ ಸತ್ಯವಾದದ್ದೇ. ಆದರೆ ಅದರ ಹಿಂದೆ ಅಡಗಿಕೊಳ್ಳುವುದೂ ಸುಲಭ. ಆಟೊ ಓಡಿಸುವ ಸಹೋದರರೊಬ್ಬರು ಒಂದು ಸಂಜೆ, ‘ಹೊರಗ ಎಲ್ಲಾರ ಕೂಡ ಚಂದ ಮಾತಾಡ್ತೀನ್ರಿ, ಮನ್ಯಾಗ ಹೆಂಡ್ತಿ ಮ್ಯಾಲೆ ಚೀರಾಡ್ತೀನಿ’ ಎಂದರು. ಹೆಸರು ಸಿಕ್ಕ ಮೇಲೆ ಪ್ರಾರ್ಥಿಸುವುದಕ್ಕೂ ತಿದ್ದಿಕೊಳ್ಳುವುದಕ್ಕೂ ದಾರಿ ಆಯಿತು. ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯವೂ ಹೀಗೆಯೇ ಒಂದೊಂದನ್ನು ಬಿಡಿಬಿಡಿಯಾಗಿ ಎತ್ತಿಕೊಳ್ಳುತ್ತದೆ: ಸುಳ್ಳು, ಹೊತ್ತು ಮುಳುಗಿದರೂ ಆರದ ಸಿಟ್ಟು, ಕಳವು, ಕೆಟ್ಟ ಮಾತು.

4. ಒಬ್ಬರಿಂದಲೇ ಆಗುವ ಕೆಲಸವಲ್ಲ

ಜಾನ್ ವೆಸ್ಲಿಯ ಮೆಥೋಡಿಸ್ಟರು 1742ರಲ್ಲಿ ಬ್ರಿಸ್ಟಲ್‌ನಲ್ಲಿ ತಮ್ಮ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಸುಮಾರು ಹನ್ನೆರಡು ಜನರ ಗುಂಪುಗಳನ್ನು ಮಾಡಿಕೊಂಡರು. ಗುಂಪಿನ ಮುಖ್ಯಸ್ಥ ವಾರಕ್ಕೆ ತಲೆಗೊಂದು ಪೆನ್ನಿ ಕೂಡಿಸಲು ಮನೆಮನೆಗೆ ಹೋಗಬೇಕಿತ್ತು. ಹೋದಾಗ ಕುಡಿತ, ಜಗಳ, ಕಾಯಿಲೆ, ಬಡತನ ಎಲ್ಲವೂ ಕಣ್ಣಿಗೆ ಬಿದ್ದವು. ಹಣ ಕೂಡಿಸಲು ಹುಟ್ಟಿದ ಏರ್ಪಾಡು ಒಬ್ಬರ ಬಾಳನ್ನು ಇನ್ನೊಬ್ಬರು ವಿಚಾರಿಸಿಕೊಳ್ಳುವ ಕೂಟವಾಯಿತು. ನಮ್ಮ ಕೂಟದಲ್ಲೂ ಹಾಡು, ವಾಕ್ಯಗಳಾದ ಮೇಲೆ ಮೂರು ಪ್ರಶ್ನೆ ಕೇಳುತ್ತೇವೆ. ಈ ವಾರ ಯಾರಿಗೆ ನೋವು ಕೊಟ್ಟಿರಿ? ಯಾರಿಗೆ ನೆರವಾದಿರಿ? ಪ್ರಾರ್ಥನೆ ಎಲ್ಲಿ ಕುಂಟಿತು? ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು. ಬಾಯಿ ಬಿಗಿಹಿಡಿಯದ ಕೂಟದಲ್ಲಿ ಯಾರೂ ನಿಜ ಹೇಳುವುದಿಲ್ಲ.

5. ಉಪವಾಸದಲ್ಲಿ ಉಳಿದದ್ದು ಹಸಿದವರಿಗೆ ಸೇರಲಿ

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ನಮ್ಮಲ್ಲಿ ಬಿಸಿಲು ಏರುವ ಹೊತ್ತಿಗೇ ಬರುತ್ತವೆ. ಒಪ್ಪತ್ತು ಬಿಟ್ಟ ಊಟದ ದುಡ್ಡನ್ನು ಬೇರೆ ಡಬ್ಬಿಗೆ ಹಾಕಿ, ರೋಗಿಗಳ ಜೊತೆ ಹಳ್ಳಿಯಿಂದ ಬಂದು ಆಸ್ಪತ್ರೆಯ ಹೊರಗೆ ಉಳಿಯುವವರ ರೊಟ್ಟಿಗೆ ಬಳಸುತ್ತೇವೆ. ಯೆಶಾಯನ 58ನೇ ಅಧ್ಯಾಯ ಕೇಳುವ ಉಪವಾಸ ಇಂಥದ್ದೇ.

6. ಇದು ಪಾದ್ರಿಗಳಿಗಷ್ಟೇ ಮೀಸಲಲ್ಲ

1964ರಲ್ಲಿ ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ, ಪವಿತ್ರತೆಯ ಕರೆ ಎಲ್ಲ ವಿಶ್ವಾಸಿಗಳಿಗೂ ಇದೆ ಎಂದು ಸ್ಪಷ್ಟವಾಗಿ ಸಾರಿತು. ಯೋಹಾನನ 17ನೇ ಅಧ್ಯಾಯದಲ್ಲಿ ಯೇಸು ತನ್ನವರನ್ನು ಲೋಕದಿಂದ ತೆಗೆದುಬಿಡು ಎಂದು ಬೇಡಲಿಲ್ಲ. ಲೋಕದಲ್ಲೇ ಇಟ್ಟು ಕೆಡುಕಿನಿಂದ ಕಾಪಾಡು, ಸತ್ಯದಲ್ಲಿ ಪ್ರತಿಷ್ಠಿಸು ಎಂದು ಬೇಡಿದ. ರಾತ್ರಿ ಪಾಳಿಯಲ್ಲಿ ಹಳ್ಳಿಯ ಮುದುಕಿಯೊಬ್ಬಳು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾಳೆ: ‘ಯಾವಾಗ ಬಿಡ್ತಾರವ್ವಾ, ನನ್ನ ಮಗನ್ನ?’ ನಮ್ಮ ಕೂಟದ ನರ್ಸ್ ಸಲೈನ್ ಬಾಟಲಿ ಬದಲಿಸುತ್ತಲೇ, ಮೊದಲ ಸಲ ಹೇಳಿದ ದನಿಯಲ್ಲೇ ಮತ್ತೆ ಉತ್ತರಿಸುತ್ತಾಳೆ. ಅವಳ ಆರಾಧನೆ ಆ ವಾರ್ಡಿನಲ್ಲೂ ನಡೆದಿದೆ.

7. ಅಳತೆಗೋಲು ಪ್ರೀತಿಯೊಂದೇ

ಪೌಲನಂಥವನೇ ನಾನಿನ್ನೂ ಗುರಿ ಮುಟ್ಟಿಲ್ಲ, ಓಡುತ್ತಿದ್ದೇನೆ ಎಂದು ಬರೆದ. ಆದ್ದರಿಂದ ನಿಧಾನಕ್ಕೆ ಎದೆಗುಂದಬೇಡಿ. ವೆಸ್ಲಿ ಪರಿಪೂರ್ಣತೆ ಎಂದದ್ದು ಎಂದೂ ತಪ್ಪು ಮಾಡದ ಬಾಳನ್ನಲ್ಲ, ದೇವರ ಮೇಲೂ ನೆರೆಯವರ ಮೇಲೂ ತುಂಬಿದ ಪ್ರೀತಿಯನ್ನು. ಉಪವಾಸ ಹೆಚ್ಚಿ, ಕುಡಿತ ಬಿಟ್ಟು, ಜೊತೆಗೇ ಪಕ್ಕದವರನ್ನು ಹೀಗಳೆಯುವುದೂ ಹೆಚ್ಚಿದ್ದರೆ ಆ ಬೆಳವಣಿಗೆ ಕ್ರಿಸ್ತನದಲ್ಲ. ನಾವು ಎಷ್ಟು ಬದಲಾಗಿದ್ದೇವೆ ಎಂದು ನಮ್ಮನ್ನೇ ಕೇಳಿಕೊಳ್ಳುವುದಕ್ಕಿಂತ ನಮ್ಮ ಮನೆಯವರನ್ನು, ನಮ್ಮ ಕೈಕೆಳಗೆ ದುಡಿಯುವವರನ್ನು ಕೇಳುವುದು ಒಳ್ಳೆಯದು. ಅವರು ಹೇಳಿದ್ದನ್ನು ಮುಂದಿನ ಕೂಟಕ್ಕೆ ತನ್ನಿ. ಪ್ರಾರ್ಥನೆಯನ್ನು ಅಲ್ಲಿಂದಲೇ ಶುರುಮಾಡೋಣ.